ಏಳನೆಯ ತೊಲೆ

ಪೈಪಿನ ಮಾತು ಆಮೇಲೆ, ಗ್ವಿಲಿಮ್. ಮೊದಲು ಕಾಲು.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಮಲಗುವವರಿಗೆ;
ನಿಲ್ಲುವವರಿಗೆ, ತೊಲೆ ಇದ್ದಲ್ಲಿ ಕಾಲು.
ಬೀಡುಕಬ್ಬಿಣದ ಹನ್ನೊಂದು ಎಲುಬು ಇದು,
ನೀರು ಕುಡಿದರೆ
ಭಾನುವಾರದ ಊಟ ಮುಗಿಸಿ ಎದ್ದ ಪಾದ್ರಿಯಷ್ಟು ಭಾರ,
ನಿಂತಿರುವುದೋ ನಾಲ್ಕು ನಾಯಿಮರಿ ಪಾದಗಳ ಮೇಲೆ.
ಬರೀ ಹಲಗೆಯನ್ನು ನಂಬಿ ನಿಲ್ಲಿಸಿದರೆ
ಒಂದು ರಾತ್ರಿ ಹೇಳದೆ ಕೇಳದೆ ನೆಲಮಾಳಿಗೆಗೆ ಇಳಿದುಬಿಡುತ್ತದೆ.

ತೊಲೆ ಎತ್ತ ಓಡಿದೆ ನೋಡಲು ಹಲಗೆ ಎಬ್ಬಿಸಬೇಕು ಎಂದೆ.
ತಡಿ ಎಂದು ಕೈಯಾಡಿಸಿ ನೀನು
ಹಿಮ್ಮಡಿಯಲ್ಲಿ ನೆಲ ತಟ್ಟುತ್ತ ನಡೆದೆ:
ಟೊಳ್ಳು, ಟೊಳ್ಳು, ಗಟ್ಟಿ. ಟೊಳ್ಳು, ಟೊಳ್ಳು, ಗಟ್ಟಿ.
ಪಿಯಾನೋ ಶ್ರುತಿ ಮಾಡುವವನ ಕಿವಿ.
ಹಿಂದೆಯೇ ಮೊರ್ವೆನ್ ಸೀಮೆಸುಣ್ಣದಲ್ಲಿ ಗೀಟೆಳೆದಳು.
ಎಬ್ಬಿಸಿ ನೋಡಿದರೆ ಒಂದೇ ಒಂದು ಗೀಟು ತಪ್ಪು,
ಅದೂ ಬೆರಳಗಲ.

ಕಿಟಕಿಯ ಕೆಳಗೇ ಇರಲಿ ಎಂದೆ ನಾನು,
ಕಲ್ಲುಗಣಿಯ ಕಡೆಯ ಚಳಿ ಗಾಜು ಸವರಿ ಇಳಿಯುವಲ್ಲೇ
ಎದುರು ನಿಲ್ಲಲಿ.
ಅಲ್ಲಿಂದ ಪಿಯಾನೋಗೆ ಎರಡೇ ಗಜ.
ಬಿಸಿ ಬಡಿದರೆ ಅದರ ಎದೆಹಲಗೆ ಬಿರಿಯುತ್ತದೆ ಅಂದೆ ನೀನು,
ಮತ್ತೆ ಅರ್ಧ ಗಂಟೆ ಮಾತಿಲ್ಲ.
ಕೊನೆಗೆ ಸರಿದದ್ದು ಪಿಯಾನೋ.
ನಲವತ್ತು ವರ್ಷ ಗಾಲಿ ಊರಿದ್ದಲ್ಲಿ
ಜಮಖಾನದಲ್ಲಿ ನಾಲ್ಕು ಕುಳಿ.

ಈಗ ಕೇಳು. ಕ್ಯಾಟಲಾಗಿನ ಅಳತೆ ನಂಬಬೇಡ.
ಮುಚ್ಚಿದ ಚಾಪೆಲಿನಿಂದ ಬಂದ ಈ ಮುದುಕ
ಯಾವ ಕ್ಯಾಟಲಾಗೂ ಓದಿದವನಲ್ಲ.
ಬಣ್ಣವೇ ಐದು ಪದರ: ಕಂದು, ಹಸಿರು, ಕೆನೆ, ಮತ್ತೆ ಹಸಿರು,
ತಳದಲ್ಲಿ ಯಾವ ಕಾಲದ್ದೋ ಬೂದಿ.
ಕೆರೆದು, ಬಳಿದು, ಇರಬೇಕಾದಲ್ಲಿ ನಿಲ್ಲಿಸಿ,
ಎರಡು ತುದಿಗೂ ವಾಲ್ವು ಬಿಗಿದು,
ವಾಲ್ವಿನ ಬಾಯಿಂದ ತೂಗುಗುಂಡು ಇಳಿಬಿಟ್ಟು,
ಅದು ಅಲುಗಾಡಿ ಅಲುಗಾಡಿ ಸುಮ್ಮನಾದ ಮೇಲೆ,
ಆಗ ಮಾತ್ರ, ಹಲಗೆಗೆ ತೂತು.
ಗೋಡೆಗೆ ನೇತು ಹಾಕುವುದಾದರೆ ತಪ್ಪನ್ನು ಬೆನ್ನ ಹಿಂದೆ ಬಚ್ಚಿಡಬಹುದು.
ನೆಲದ ಮೇಲೆ ನಿಂತವರ ಕಣಕಾಲು
ಬಂದವರಿಗೆಲ್ಲ ಕಾಣುತ್ತದೆ.

ಹೋಗುವ ಪೈಪು, ಬರುವ ಪೈಪು, ಎರಡೂ ತಾಮ್ರ.
ಅಡ್ಡ ದಾಟಬೇಕಾದ ತೊಲೆ ಏಳು.
ಗೋಡೆಗೆ ಹತ್ತಿರವಾಗಿ, ಮೇಲುಗಡೆಯಿಂದ ಕಚ್ಚು;
ಎಂಟರಲ್ಲೊಂದು ಪಾಲಿಗಿಂತ ಆಳ ಕೂಡದು.
ಮೇಲೆ ಉಕ್ಕಿನ ತಗಡು,
ನಾಳೆ ಯಾರೋ ಜಮಖಾನ ಬಡಿಯಲು ಬಂದು
ಮೊಳೆಯಲ್ಲಿ ಪೈಪು ಚುಚ್ಚದ ಹಾಗೆ.
ಕಚ್ಚು ಬಿಗಿಯಾಗಬಾರದು.
ಬಿಸಿನೀರು ಬಂದಾಗ ತಾಮ್ರ ಮೈಮುರಿಯುತ್ತದೆ,
ಮರಕ್ಕೆ ಉಜ್ಜಿ ಟಿಕ್ ಅನ್ನುತ್ತದೆ, ಟಿಕ್, ಆಮೇಲೆ ಸುಮ್ಮನೆ,
ಮತ್ತೆ ಟಿಕ್,
ಲೆಕ್ಕ ಬಾರದ ಗಡಿಯಾರ.
ನನ್ನ ಚೀಲದಲ್ಲಿ ಹಳೆಯ ಕಂಬಳಿಯ ತುಂಡಿತ್ತು.
ನೀನು ಒಳಗೆ ಹೋಗಿ ಬಿಸ್ಕತ್ತಿನ ಡಬ್ಬ ತಂದೆ;
ತುಂಬ ಪಿಯಾನೋ ಫೆಲ್ಟು, ಕೆಂಪು,
ಕತ್ತರಿಸಿ ಉಳಿದ ಕಿರುಬೆರಳಗಲದ ಪಟ್ಟಿಗಳು.

ಆರು ತೊಲೆಗೆ ಹಾಸಿದ್ದಾಯಿತು. ಏಳನೆಯದಕ್ಕೆ ಕೈ ನೀಡಿದರೆ
ನೀನು ಮುಚ್ಚಳ ಹಾಕಿಬಿಟ್ಟೆ.
ಮುಗಿಯಿತೆ?
ಇದೆ. ಅದೊಂದು ಹಾಗೇ ಇರಲಿ.
ಡಿಲಿಸ್ ಮೊದಲು ಎದ್ದು ಒಲೆ ಕೆದಕುತ್ತಿದ್ದಳು,
ಆ ಸದ್ದು ಕೇಳಿ ಇನ್ನೊಂದು ಮಗ್ಗುಲಾಗಿ ಮಲಗುತ್ತಿದ್ದೆ, ಅಂದೆ.

ಮೂವತ್ತು ವರ್ಷ ಈ ಬೆಥೆಸ್ಡಾದ ನೆಲದಡಿ ತೆವಳಿದ್ದೇನೆ,
ಸದ್ದು ಬೇಕು ಎಂದವರನ್ನು ಕಂಡಿಲ್ಲ.
ಮೊರ್ವೆನ್ ನನ್ನ ಮುಖ ನೋಡಿದಳು.
ಇನ್ನೂ ಕಲಿಯುವ ಹುಡುಗಿ, ನಿಯಮ ಬೇಕು ಅವಳಿಗೆ.
ಆ ಕಚ್ಚು ಕೂದಲೆಳೆಯಷ್ಟು ಬಿಗಿ ಮಾಡು ಎಂದೆ.

ಬಿಲ್ಲಿನಲ್ಲಿ ತಾಮ್ರ, ತಗಡು, ಎರಡು ವಾಲ್ವು, ಮೂರು ದಿನದ ಕೂಲಿ.
ಬಾಯ್ಲರ್ ಆರಕ್ಕೆ ಹೊತ್ತಿಕೊಳ್ಳುತ್ತದೆ,
ಆರೂ ಹತ್ತರ ಹೊತ್ತಿಗೆ ಬಿಸಿ ಏಳನೆಯ ತೊಲೆ ಮುಟ್ಟುತ್ತದೆ.
ಗಾಳಿ ತೆಗೆಯುವ ಕೀಲಿ ಕಿಟಕಿಯ ಕಟ್ಟೆಯ ಮೇಲಿದೆ.
ಎರಡು ದಿನ ಬಿಟ್ಟು ನೀನೇ ತಿರುಗಿಸು:
ಬುಸ್ ಅನ್ನುತ್ತದೆ, ಹನಿ ಬಂದೊಡನೆ ಮುಚ್ಚು.
ಆ ಸದ್ದು ಮಾತ್ರ ಬರೀ ಗಾಳಿ.